ಆಮದು ಇಂಧನದ ಹೊರೆ ಮತ್ತು ಬೆಳೆಯುತ್ತಿರುವ ಭಾರತ

ಭಾರತದ ಕಚ್ಚಾ ತೈಲದ ಅಂಕಿ ಅಂಶಗಳನ್ನು ಪರಿಶೀಲಿಸುವವರಿಗೆ ಒಂದು ವಿಚಿತ್ರವಾದ ಸಾಮ್ಯ ಗೋಚರಿಸುತ್ತದೆ. ೧೯೮೪-೮೫ನೆಯ ಸಾಲಿನಲ್ಲಿ ಈ ದೇಶದ ತೈಲಬಾವಿಗಳಿಂದ ದೊರೆತ ಉತ್ಪತ್ತಿ ಸುಮಾರು ೨ ಕೋಟಿ ೯೦ ಲಕ್ಷ ಟನ್ನು. ೨೦೨೩-೨೪ನೆಯ ಸಾಲಿನಲ್ಲಿ ದೊರೆತುದೂ ಹೆಚ್ಚುಕಡಮೆ ಅಷ್ಟೇ. ಈ ನಾಲ್ಕು ದಶಕಗಳ ನಡುವೆ ಏರಿಳಿತಗಳು ಇಲ್ಲದಿಲ್ಲ. ರಾಜಸ್ಥಾನದ ಬಾರ್ಮೇರಿನ ಬಾವಿಗಳು ೨೦೦೯ರಲ್ಲಿ ಕೆಲಸಮಾಡತೊಡಗಿದ ಮೇಲೆ ಉತ್ಪತ್ತಿಯು ೩ ಕೋಟಿ ೮೦ ಲಕ್ಷ ಟನ್ನಿನವರೆಗೆ ಏರಿ, ೨೦೧೧-೧೨ರ ಬಳಿಕ ಇಳಿಯುತ್ತ ಬಂದಿತು. ಆದರೆ ಇದೇ ಅವಧಿಯಲ್ಲಿ ದೇಶದ ತೈಲೋತ್ಪನ್ನಗಳ ಬಳಕೆ ೪ ಕೋಟಿ ಟನ್ನಿಗಿಂತ ಕಡಮೆಯಿದ್ದುದು ೨೩ ಕೋಟಿ ಟನ್ನನ್ನು ಮೀರಿದೆ. ಬೊಂಬಾಯಿಯ ಕಡಲಿನಲ್ಲಿ ೧೯೭೪ರಲ್ಲಿ ದೊರೆತ ತೈಲಕ್ಷೇತ್ರದ ಪ್ರಸಾದದಿಂದ ಎಂಬತ್ತರ ದಶಕದ ಮಧ್ಯದಲ್ಲಿ ನಮ್ಮ ಅಗತ್ಯದ ಮೂರರಲ್ಲಿ ಎರಡು ಭಾಗಕ್ಕೂ ಹೆಚ್ಚು ತೈಲ ನಮ್ಮಲ್ಲಿಯೇ ಹುಟ್ಟುತ್ತಿದ್ದಿತು. ೨೦೨೩-೨೪ರಲ್ಲಿ ಶೇಕಡ ೮೭ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಬೇಕಾಯಿತು. ನೆಲವನ್ನು ಇನ್ನಷ್ಟು ಕೊರೆದರೆ ಈ ಅಂತರ ತುಂಬೀತೆಂಬ ಭರವಸೆಗೆ ಈ ಅಂಕಿಗಳಲ್ಲಿ ಆಧಾರವಿಲ್ಲ. ಕೊರೆಯುವುದು ಬೇಡವೆಂದು ನಾವು ಹೇಳುತ್ತಿಲ್ಲ. ಪರಿಹಾರವನ್ನು ಬೇರೆಡೆಯಲ್ಲಿ ಹುಡುಕಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.

ಬಳಕೆಯನ್ನೇ ತಗ್ಗಿಸಿಬಿಡೋಣವೆಂಬ ಸಲಹೆಯು ಶ್ರೀಮಂತ ದೇಶಗಳಿಗೆ ಒಪ್ಪೀತು. ನಮ್ಮ ದೇಶದಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ತಗಲುವ ವಿದ್ಯುತ್ತು ಸುಮಾರು ೧,೪೦೦ ಯೂನಿಟ್ಟು; ಜಗತ್ತಿನ ಸರಾಸರಿ ಅದರ ಎರಡರಷ್ಟಕ್ಕಿಂತಲೂ ಅಧಿಕ. ಕಾರ್ಖಾನೆ, ಮನೆ, ರಸ್ತೆ, ಆಸ್ಪತ್ರೆಗಳು ಇನ್ನೂ ಕಟ್ಟಬೇಕಾಗಿರುವ ನಾಡಿನಲ್ಲಿ ಶಕ್ತಿಯ ಬಳಕೆ ಏರಿಯೇ ತೀರುವುದು. ಹೀಗಿರಲಾಗಿ, ಬಳಕೆ ಏರುತ್ತಿರುವಾಗಲೇ ಆಮದಿನ ಪಾಲನ್ನು ತಗ್ಗಿಸುವುದು ಹೇಗೆ ಎಂಬುದು ನಾವಿಲ್ಲಿ ವಿಚಾರಮಾಡಹೊರಟಿರುವ ಪ್ರಶ್ನೆ.

ಮೊದಲು ಪರಾವಲಂಬನವೆಂದರೆ ಏನೆಂಬುದನ್ನು ಸ್ವಲ್ಪ ಬಿಡಿಸಿ ನೋಡುವುದು ಯುಕ್ತ. ೨೦೨೨-೨೩ ಮತ್ತು ೨೦೨೩-೨೪, ಈ ಎರಡು ಸಾಲುಗಳಲ್ಲಿಯೂ ನಾವು ತರಿಸಿದ ಕಚ್ಚಾ ತೈಲ ಸುಮಾರು ೨೩ ಕೋಟಿ ಟನ್ನು. ಆದರೆ ಮೊದಲನೆಯ ವರ್ಷ ತೆತ್ತ ಹಣ ಸುಮಾರು ೧೫,೭೦೦ ಕೋಟಿ ಡಾಲರು, ಎರಡನೆಯ ವರ್ಷ ಸುಮಾರು ೧೩,೩೦೦ ಕೋಟಿ ಡಾಲರು. ಸರಕು ಅಷ್ಟೇ ಇದ್ದರೂ ಲೆಕ್ಕದಲ್ಲಿ ಎರಡು ಲಕ್ಷ ಕೋಟಿ ರೂಪಾಯಿಗಳಷ್ಟು ವ್ಯತ್ಯಾಸ ಬಂದಿತು. ಅದನ್ನು ನಿರ್ಧರಿಸಿದವರು ನಾವಲ್ಲ. ೧೯೭೩ರಲ್ಲಿ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಮಡಿಯಾದಾಗಲೂ, ಕುವೈತಿನ ಮೇಲಣ ಆಕ್ರಮಣದಿಂದ ೧೯೯೦ರಲ್ಲಿ ಬೆಲೆ ಜಿಗಿದಾಗಲೂ ಇದೇ ಅನುಭವ. ಎರಡನೆಯ ಸಂದರ್ಭದಲ್ಲಿ ನಮ್ಮ ವಿದೇಶೀ ವಿನಿಮಯದ ಬೊಕ್ಕಸ ಕೆಲವು ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದು, ೧೯೯೧ರಲ್ಲಿ ದೇಶದ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಒತ್ತೆಯಿಡಬೇಕಾಯಿತು. ತೈಲವೊಂದೇ ಅದಕ್ಕೆ ಕಾರಣವಲ್ಲವಾದರೂ ಕೊನೆಯ ಪೆಟ್ಟು ಅದರದೇ. ಒಬ್ಬ ಮಾರಾಟಗಾರನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿಯುವುದರಿಂದ ದಾರಿಯ ಅಪಾಯ ತಪ್ಪಬಹುದೇ ಹೊರತು ಬೆಲೆಯ ಅಪಾಯ ತಪ್ಪುವುದಿಲ್ಲ. ೨೦೨೨ಕ್ಕೆ ಮುಂಚೆ ರಷ್ಯದ ತೈಲ ನಮ್ಮ ಆಮದಿನಲ್ಲಿ ಶೇಕಡ ೨ರಷ್ಟೂ ಇರಲಿಲ್ಲ. ೨೦೨೩-೨೪ರಲ್ಲಿ ಅದು ಮೂರನೆಯ ಒಂದು ಭಾಗವನ್ನು ದಾಟಿತು. ಅದರಿಂದ ಹಣ ಉಳಿದುದು ನಿಜ. ಆದರೆ ಅವಲಂಬನ ಕಡಮೆಯಾಗಲಿಲ್ಲ. ಮುಖವನ್ನು ಬೇರೆ ದಿಕ್ಕಿಗೆ ತಿರುಗಿಸಿತು.

ಇಲ್ಲಿ ನಮಗೆ ಹತ್ತಿರದ ಒಂದು ಹಳೆಯ ನಿದರ್ಶನವನ್ನು ಸ್ಮರಿಸುವುದು ಉಪಯುಕ್ತ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಉಗಿಯಂತ್ರಗಳು ನಡೆಯಬೇಕಾದರೆ ಸೌದೆಯನ್ನಾಗಲಿ ಹೊರಸೀಮೆಯ ಕಲ್ಲಿದ್ದಲನ್ನಾಗಲಿ ಎಡೆಬಿಡದೆ ಒದಗಿಸುತ್ತಿರಬೇಕಾಗಿದ್ದಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯು ೧೯೦೨ರಲ್ಲಿ ಕಾವೇರಿಯ ಶಕ್ತಿಯನ್ನು ೯೨ ಮೈಲಿ ದೂರದ ಗಣಿಗಳಿಗೆ ತಂತಿಯ ಮೂಲಕ ಮುಟ್ಟಿಸಿತು. ಅದರ ನೀರಿನ ಚಕ್ರಗಳು ಬಂದದ್ದು ಸ್ವಿಟ್ಜರ್ಲೆಂಡಿನಿಂದ. ವಿದ್ಯುಜ್ಜನಕಗಳು ಬಂದದ್ದು ಅಮೆರಿಕದಿಂದ. ಹಾಗಾದರೆ ಇದನ್ನು ಸ್ವಾವಲಂಬನವೆನ್ನಬಹುದೆ ಎಂದು ಯಾರಾದರೂ ಅಂದು ಕೇಳಿದ್ದರೆ ಉತ್ತರ ಕೊಡುವುದು ಕಷ್ಟವಾಗುತ್ತಿರಲಿಲ್ಲ. ಯಂತ್ರವನ್ನು ಒಂದು ಸಲ ತಂದದ್ದು. ನೀರು ದಿನದಿನವೂ ನಮ್ಮದು. ಯಂತ್ರ ಕೊಟ್ಟವನು ಮರುವರ್ಷ ಮುನಿದುಕೊಂಡರೂ ಚಕ್ರ ನಿಲ್ಲುವುದಿಲ್ಲ. ಕಲ್ಲಿದ್ದಲು ಕೊಡುವವನು ಮುನಿದರೆ ಆ ತಿಂಗಳೇ ಒಲೆ ಆರುತ್ತದೆ.

ಈ ಭೇದವೇ ನಮ್ಮ ವಿಚಾರದ ಮುಖ್ಯ ಎಳೆ. ಉರಿದು ಹೋಗುವ ಸರಕನ್ನು ಆಮದು ಮಾಡುವುದೂ, ಉಳಿದು ದುಡಿಯುವ ಸರಕನ್ನು ಆಮದು ಮಾಡುವುದೂ ವಿದೇಶೀ ವ್ಯಾಪಾರದ ಪಟ್ಟಿಯಲ್ಲಿ ಒಂದೇ ಬಗೆಯ ಅಂಕಿಗಳಾಗಿ ಕಾಣುತ್ತವೆ. ಅರ್ಥದಲ್ಲಿ ಅವೆರಡೂ ತೀರ ಬೇರೆ. ಒಂದು ಸ್ಥೂಲವಾದ ಲೆಕ್ಕವನ್ನು ನೋಡೋಣ. ಕರ್ನಾಟಕದ ಬಯಲುಸೀಮೆಯ ಬಿಸಿಲಿನಲ್ಲಿ ಒಂದು ಕಿಲೋವಾಟಿನ ಸೌರಫಲಕಗಳು ವರ್ಷಕ್ಕೆ ಸುಮಾರು ೧,೫೦೦ ಯೂನಿಟ್ಟು ವಿದ್ಯುತ್ತನ್ನು ಕೊಡುತ್ತವೆ. ಇಪ್ಪತ್ತೈದು ವರ್ಷಗಳ ಆಯುಸ್ಸಿನಲ್ಲಿ, ಸವಕಳಿಯನ್ನು ಕಳೆದರೂ, ೩೩,೦೦೦ ಯೂನಿಟ್ಟಿಗೆ ಕಡಮೆಯಾಗದು. ಇಷ್ಟು ವಿದ್ಯುತ್ತನ್ನು ಆಮದು ಕಲ್ಲಿದ್ದಲಿನಿಂದ ಪಡೆಯಬೇಕಾದರೆ ಹದಿನೈದು ಟನ್ನಿನಷ್ಟು ಕಲ್ಲಿದ್ದಲನ್ನು ಹಡಗಿನಿಂದ ಇಳಿಸಬೇಕು. ಫಲಕಗಳ ತೂಕವೋ ಐವತ್ತು ಕಿಲೋಗ್ರಾಮಿನ ಆಸುಪಾಸು. ಫಲಕಗಳನ್ನು ಸಂಪೂರ್ಣವಾಗಿ ಹೊರದೇಶದಿಂದಲೇ ಕೊಂಡೆವೆಂದಿಟ್ಟುಕೊಂಡರೂ ಕೊಳ್ಳುವುದು ಒಂದು ಸಲ. ಆ ಬಳಿಕ ಕಾಲು ಶತಮಾನ ಹೊರಗಿನವನ ಮರ್ಜಿಯನ್ನು ಕಾಯಬೇಕಾಗಿಲ್ಲ. ಅಣುಶಕ್ತಿಗೂ ಸ್ವಲ್ಪಮಟ್ಟಿಗೆ ಇದೇ ಗುಣವುಂಟು. ಯುರೇನಿಯಂ ಪರಿಮಾಣದಲ್ಲಿ ಅಲ್ಪ. ವರ್ಷಗಳಿಗಾಗುವಷ್ಟನ್ನು ಒಂದು ಉಗ್ರಾಣದಲ್ಲಿ ಇರಿಸಬಹುದು. ಕೈಗಾದ ಒಂದನೆಯ ಸ್ಥಾವರವು ೨೦೧೮ರ ಡಿಸೆಂಬರ್ ಕೊನೆಯವರೆಗೆ ೯೬೨ ದಿನ ಎಡೆಬಿಡದೆ ನಡೆದು ದಾಖಲೆ ಸ್ಥಾಪಿಸಿದ್ದನ್ನು ವಾಚಕರು ಬಲ್ಲರು.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು; ಅದನ್ನು ಮರೆಮಾಚುವುದು ಸರಿಯಲ್ಲ. ಬೆಳೆಯುತ್ತಿರುವ ದೇಶವು ಫಲಕ, ಬ್ಯಾಟರಿ, ಮೋಟಾರುಗಳನ್ನು ಒಂದು ಸಲ ಕೊಂಡು ಸುಮ್ಮನಾಗುವುದಿಲ್ಲ. ಪ್ರತಿವರ್ಷವೂ ಹೊಸದನ್ನು ಹಾಕುತ್ತಲೇ ಇರುತ್ತದೆ. ಅವುಗಳ ಮೂಲವಸ್ತುಗಳಾದ ಪಾಲಿಸಿಲಿಕಾನ್, ವೇಫರು, ಲಿಥಿಯಂ ಕೋಶ ಇವುಗಳ ತಯಾರಿಕೆ ಬಹುಪಾಲು ಚೀನದ ಕೈಯಲ್ಲಿದೆ. ೨೦೨೫ರ ಏಪ್ರಿಲಿನಲ್ಲಿ ಆ ದೇಶವು ಅಪರೂಪದ ಲೋಹಗಳ ಮತ್ತು ಅವುಗಳಿಂದಾದ ಅಯಸ್ಕಾಂತಗಳ ರಫ್ತಿಗೆ ನಿರ್ಬಂಧ ಹಾಕಿದಾಗ ನಮ್ಮ ವಾಹನ ತಯಾರಕರು ತೊಂದರೆಗೆ ಸಿಕ್ಕಿದರು. ಆದರೆ ಆ ಸಂದರ್ಭದಲ್ಲಿ ನಡೆದುದನ್ನು ಗಮನಿಸಬೇಕು. ಹೊಸ ವಾಹನಗಳ ತಯಾರಿಕೆಗೆ ಅಡ್ಡಿಯುಂಟಾಯಿತು. ರಸ್ತೆಯ ಮೇಲಿದ್ದ ಒಂದು ವಿದ್ಯುತ್ ವಾಹನವೂ ಅದರಿಂದ ನಿಲ್ಲಲಿಲ್ಲ. ಯಂತ್ರದ ಆಮದು ನಿಂತರೆ ನಾಳಿನ ಬೆಳವಣಿಗೆ ಕುಂಠಿತವಾದೀತು, ಇಂಧನದ ಆಮದು ನಿಂತರೆ ಇಂದಿನ ಬದುಕೇ ನಿಲ್ಲುತ್ತದೆ. ಮೊದಲನೆಯದನ್ನು ಎದುರಿಸಲು ಕಾಲಾವಕಾಶವಿರುತ್ತದೆ, ಆ ಕಾಲದಲ್ಲಿ ಕಾರ್ಖಾನೆ ಕಟ್ಟಬಹುದು. ೨೦೨೨ರ ಏಪ್ರಿಲಿನಿಂದ ಹೊರಗಿನ ಸೌರಫಲಕಗಳ ಮೇಲೆ ಶೇಕಡ ೪೦ರ ಸುಂಕವನ್ನು ಹೇರಿದ ಮೇಲೆ ಫಲಕಗಳನ್ನು ಜೋಡಿಸುವ ಉದ್ಯಮ ನಮ್ಮಲ್ಲಿ ವೇಗವಾಗಿ ಬೆಳೆದಿದೆ. ಜೋಡಿಸುವುದು ಬೇರೆ, ಮೂಲದಿಂದ ತಯಾರಿಸುವುದು ಬೇರೆ. ಎರಡನೆಯದರಲ್ಲಿ ನಾವಿನ್ನೂ ಹಿಂದೆ ಇದ್ದೇವೆ.

ಇನ್ನು, ಯಾವ ಇಂಧನವನ್ನು ಎಲ್ಲಿಂದ ತರುವುದು ಎಂದು ಕೇಳುವುದಕ್ಕೆ ಮುಂಚೆ, ಅದು ಯಾವ ಕೆಲಸಕ್ಕೆ ಬೇಕು ಎಂದು ಕೇಳುವ ಕ್ರಮವೊಂದಿದೆ. ಈ ಕ್ರಮವನ್ನು ಜಗತ್ತಿಗೆ ಕಲಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರು ಪ್ರಮುಖರು. ಜನರಿಗೆ ಬೇಕಾದದ್ದು ಸೀಮೆಎಣ್ಣೆಯಲ್ಲ, ಬೆಳಕು. ಸೌದೆಯಲ್ಲ, ಬೆಂದ ಅನ್ನ. ಡೀಸೆಲ್ಲಲ್ಲ, ಸಂತೆಗೆ ಸೇರಿದ ಸರಕು ಎಂಬುದು ಅವರ ವಾದದ ಸಾರ. ಕರ್ನಾಟಕದ ವಿದ್ಯುತ್ ಬೇಡಿಕೆಯ ಬಗ್ಗೆ ೧೯೮೭ರಲ್ಲಿ ಅಧಿಕೃತ ಯೋಜನೆಯೊಂದು ಭಾರಿ ಅಂದಾಜನ್ನು ಮುಂದಿಟ್ಟಾಗ, ಅವರೂ ಅವರ ಸಹೋದ್ಯೋಗಿಗಳೂ ದೀಪ, ಪಂಪು, ಒಲೆ, ಕಾರ್ಖಾನೆ ಹೀಗೆ ಒಂದೊಂದು ಉಪಯೋಗವನ್ನೂ ಬಿಡಿಬಿಡಿಯಾಗಿ ಎಣಿಸಿ, ಅದಕ್ಕಿಂತ ಬಹಳ ಕಡಮೆ ಶಕ್ತಿಯಿಂದ ಅದೇ ಸೇವೆಗಳನ್ನು ಒದಗಿಸಬಹುದೆಂದು ೧೯೯೧ರಲ್ಲಿ ತೋರಿಸಿಕೊಟ್ಟರು. ಇದಕ್ಕೆ ಪ್ರತ್ಯಕ್ಷ ಪ್ರಮಾಣವು ಸುಮಾರು ಕಾಲು ಶತಮಾನದ ಬಳಿಕ ಒದಗಿತು. ೨೦೧೫ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ಮೂವತ್ತಾರು ಕೋಟಿಗೂ ಹೆಚ್ಚು ಎಲ್‌ಇಡಿ ದೀಪಗಳು ಜನರ ಕೈಸೇರಿದವು. ಸಗಟಾಗಿ ಕೊಂಡುದರಿಂದ ೨೦೧೪ರಲ್ಲಿ ೩೧೦ ರೂಪಾಯಿಯಿದ್ದ ಬೆಲೆ ಎರಡೇ ವರ್ಷಗಳಲ್ಲಿ ೩೮ ರೂಪಾಯಿಗೆ ಇಳಿಯಿತು. ಬೆಳಕು ಕಡಮೆಯಾಯಿತೆಂದು ಯಾರೂ ದೂರಿದಂತೆ ಕಾಣಲಿಲ್ಲ.

ಈ ಕ್ರಮದಿಂದ ತೈಲದ ಲೆಕ್ಕವನ್ನು ನೋಡಿದರೆ ಎಲ್ಲಿ ಕೈಹಾಕಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ೨೦೨೩-೨೪ರ ೨೩ ಕೋಟಿ ಟನ್ನಿನ ಬಳಕೆಯಲ್ಲಿ ಡೀಸೆಲ್ಲು ಸುಮಾರು ೯ ಕೋಟಿ ಟನ್ನು. ಪೆಟ್ರೋಲು ೩ ಕೋಟಿ ೭೦ ಲಕ್ಷ. ಅಡುಗೆ ಅನಿಲ ಸುಮಾರು ೩ ಕೋಟಿ. ಸಾರ್ವಜನಿಕ ಚರ್ಚೆಯೆಲ್ಲ ಪೆಟ್ರೋಲಿನ ಸುತ್ತ ನಡೆಯುತ್ತದೆ. ಹೊರೆಯ ಬಹುಭಾಗವಿರುವುದು ಡೀಸೆಲ್ಲಿನಲ್ಲಿ, ಎಂದರೆ ಮುಖ್ಯವಾಗಿ ಲಾರಿಯಲ್ಲಿ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ, ೧೯೫೦-೫೧ರಲ್ಲಿ, ದೇಶದ ಸರಕು ಸಾಗಣೆಯಲ್ಲಿ ಶೇಕಡ ೮೦ಕ್ಕಿಂತ ಹೆಚ್ಚು ಭಾಗ ರೈಲಿನದಾಗಿತ್ತು. ಈಗ ಅದು ಮೂರನೆಯ ಒಂದು ಭಾಗಕ್ಕಿಂತಲೂ ಕಡಮೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಘರ್ಷಣೆ ಅತ್ಯಲ್ಪ. ಆದುದರಿಂದ ಒಂದು ಟನ್ನನ್ನು ಒಂದು ಕಿಲೋಮೀಟರು ಸಾಗಿಸಲು ರೈಲಿಗೆ ಬೇಕಾಗುವ ಶಕ್ತಿ ಲಾರಿಗೆ ಬೇಕಾಗುವುದರ ಒಂದು ಸಣ್ಣ ಭಾಗ. ಅದರ ಜೊತೆಗೆ ರೈಲನ್ನು ವಿದ್ಯುತ್ತಿನಿಂದ ನಡೆಸಬಹುದು. ಬೊಂಬಾಯಿಯಲ್ಲಿ ೧೯೨೫ರ ಫೆಬ್ರವರಿ ೩ರಂದು ಮೊದಲ ವಿದ್ಯುತ್ ರೈಲು ಓಡಿದ ಬಳಿಕ ಸುಮಾರು ತೊಂಬತ್ತು ವರ್ಷಗಳಲ್ಲಿ ಇಪ್ಪತ್ತೆರಡು ಸಾವಿರ ಕಿಲೋಮೀಟರಿನಷ್ಟು ಹಾದಿಗೆ ಮಾತ್ರ ತಂತಿ ಬಿದ್ದಿದ್ದಿತು. ಆಮೇಲಿನ ಹತ್ತು ಹನ್ನೊಂದು ವರ್ಷಗಳಲ್ಲಿ ಅದರ ಎರಡರಷ್ಟು ಕೆಲಸ ನಡೆದು ೨೦೨೫ರಲ್ಲಿ ಬ್ರಾಡ್‌ಗೇಜ್ ಜಾಲದ ಶೇಕಡ ೯೮ಕ್ಕೂ ಹೆಚ್ಚು ಭಾಗ ವಿದ್ಯುದೀಕೃತವಾಯಿತು. ನಮ್ಮ ಕರಾವಳಿಯ ಕೊಂಕಣ ರೈಲ್ವೆಯ ಕಾರ್ಯ ೨೦೨೨ರಲ್ಲಿಯೇ ಪೂರ್ಣಗೊಂಡಿತು. ಆಮದನ್ನು ತಗ್ಗಿಸುವ ದೃಷ್ಟಿಯಿಂದ ಇದಕ್ಕಿಂತ ಫಲಪ್ರದವಾದ ಕೆಲಸವು ಈ ದಶಕದಲ್ಲಿ ಮತ್ತೊಂದು ನಡೆದಿಲ್ಲವೆಂದು ನಮ್ಮ ಎಣಿಕೆ. ಅದಕ್ಕೆ ದೊರೆತ ಪ್ರಚಾರ ಮಾತ್ರ ಬಹಳ ಕಡಮೆ.

ಆದರೂ ತಂತಿಯ ಕೆಳಗೆ ಸರಕು ಬಾರದಿದ್ದರೆ ತಂತಿಯಿಂದ ಏನು ಪ್ರಯೋಜನ? ಪ್ರಯಾಣಿಕರ ದರವನ್ನು ತಗ್ಗಿಸಿ ಆ ನಷ್ಟವನ್ನು ಸರಕಿನ ದರದಿಂದ ತುಂಬಿಕೊಳ್ಳುವ ಪದ್ಧತಿ ನಮ್ಮ ರೈಲ್ವೆಯಲ್ಲಿ ಬಹುಕಾಲದಿಂದ ಬಂದಿದೆ. ಒಂದೇ ಹಳಿಯಲ್ಲಿ ಪ್ರಯಾಣಿಕರ ಗಾಡಿ ಮುಂದಾಗಿ ಸರಕಿನ ಗಾಡಿ ದಾರಿಬಿಟ್ಟು ನಿಲ್ಲುತ್ತದೆ. ಸರಕು ಎಂದು ತಲುಪೀತೆಂದು ವರ್ತಕನಿಗೆ ಯಾರೂ ಹೇಳಲಾರರು. ಮಂಡಿಯ ಬಾಗಿಲಿಗೇ ಬಂದು ನಿಲ್ಲುವ ಲಾರಿಯನ್ನು ಆತ ಬಯಸಿದರೆ ತಪ್ಪೇನು? ಇದಕ್ಕಾಗಿಯೇ ಸರಕಿಗೆ ಮೀಸಲಾದ ಪ್ರತ್ಯೇಕ ಮಾರ್ಗಗಳನ್ನು ಕಟ್ಟುತ್ತಿದ್ದಾರೆ. ೧,೩೩೭ ಕಿಲೋಮೀಟರಿನ ಪೂರ್ವ ಮಾರ್ಗವು ೨೦೨೩ರಲ್ಲಿ ಮುಗಿಯಿತು. ದಕ್ಷಿಣಕ್ಕೆ ಅಂಥ ಮಾರ್ಗವಿನ್ನೂ ಬಂದಿಲ್ಲ. ಹೊಸ ಹಳಿಗೂ ಬೆಲೆಯುಂಟೆಂಬುದನ್ನು ಹುಬ್ಬಳ್ಳಿ-ಅಂಕೋಲಾ ಮಾರ್ಗದ ಕಥೆ ಹೇಳುತ್ತದೆ. ಘಟ್ಟದ ದಟ್ಟಡವಿಯನ್ನು ಸೀಳಬೇಕಾದುದರಿಂದ ಅದು ತೊಂಬತ್ತರ ದಶಕದಿಂದಲೂ ವಿವಾದದಲ್ಲಿದೆ.

ಪೆಟ್ರೋಲಿನ ವಿಷಯ ಇದಕ್ಕಿಂತ ಸುಲಭ. ೨೦೧೩ರ ಸಮೀಕ್ಷೆಯೊಂದರ ಪ್ರಕಾರ ದೇಶದ ಪೆಟ್ರೋಲಿನಲ್ಲಿ ಶೇಕಡ ೬೦ಕ್ಕಿಂತ ಹೆಚ್ಚನ್ನು ಕುಡಿಯುತ್ತಿದ್ದುದು ಕಾರುಗಳಲ್ಲ, ದ್ವಿಚಕ್ರ ವಾಹನಗಳು. ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಾಖ ಸುಮಾರು ೯ ಯೂನಿಟ್ಟಿಗೆ ಸಮ. ಅದರಿಂದ ಸಾಧಾರಣ ಸ್ಕೂಟರು ೪೫-೫೦ ಕಿಲೋಮೀಟರು ಓಡುತ್ತದೆ. ವಿದ್ಯುತ್ ಸ್ಕೂಟರು ಒಂದೇ ಯೂನಿಟ್ಟಿನಲ್ಲಿ ಸುಮಾರು ೩೦ ಕಿಲೋಮೀಟರು ಓಡುವುದರಿಂದ ೯ ಯೂನಿಟ್ಟಿನಲ್ಲಿ ೨೭೦ ಕಿಲೋಮೀಟರು ಹೋದೀತು. ಆ ವಿದ್ಯುತ್ತನ್ನು ಕಲ್ಲಿದ್ದಲಿನಿಂದಲೇ ತೆಗೆದರೆ ಮೂರರಲ್ಲಿ ಎರಡು ಪಾಲು ಶಾಖ ಸ್ಥಾವರದಲ್ಲಿಯೇ ನಷ್ಟವಾಗುವುದೆಂಬುದನ್ನು ಲೆಕ್ಕಕ್ಕೆ ಹಿಡಿದರೂ ೮೦-೯೦ ಕಿಲೋಮೀಟರು ಉಳಿಯುತ್ತದೆ. ಆ ಕಲ್ಲಿದ್ದಲು ನಮ್ಮ ನೆಲದ್ದಾಗಿರಬಹುದು. ೨೦೨೪-೨೫ರಲ್ಲಿ ದೇಶದ ಕಲ್ಲಿದ್ದಲು ಉತ್ಪತ್ತಿ ಮೊದಲ ಸಲ ೧೦೦ ಕೋಟಿ ಟನ್ನನ್ನು ದಾಟಿತು. ಗಾಳಿಯ ಮಾಲಿನ್ಯದ ದೃಷ್ಟಿಯಿಂದ ಇದು ಸಂತೋಷದ ಸುದ್ದಿಯಲ್ಲ. ಆಮದಿನ ದೃಷ್ಟಿಯಿಂದ ಇದಕ್ಕೆ ಬೆಲೆಯುಂಟು. ಎರಡು ದೃಷ್ಟಿಗಳು ಎಲ್ಲ ಸಂದರ್ಭದಲ್ಲಿಯೂ ಒಂದಾಗಲಾರವೆಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಪೆಟ್ರೋಲಿಗೆ ಎಥನಾಲನ್ನು ಬೆರಸುವ ಉಪಾಯಕ್ಕೆ ಸರ್ಕಾರಗಳು ಹೆಚ್ಚು ಪ್ರಾಶಸ್ತ್ಯ ಕೊಟ್ಟಿವೆ. ೨೦೧೩-೧೪ರಲ್ಲಿ ಶೇಕಡ ಒಂದೂವರೆಯಷ್ಟಿದ್ದ ಬೆರಕೆ ೨೦೨೫ರಲ್ಲಿ ಶೇಕಡ ೨೦ಕ್ಕೆ ಏರಿತು. ಮೊದಲು ಗೊತ್ತುಮಾಡಿದ್ದ ಗಡುವು ೨೦೩೦. ಸಾಧನೆ ಸಣ್ಣದಲ್ಲ. ಆದರೆ ಎಥನಾಲಿನ ಶಾಖ ಪೆಟ್ರೋಲಿನ ಮೂರರಲ್ಲಿ ಎರಡು ಭಾಗ ಮಾತ್ರ. ೩ ಕೋಟಿ ೭೦ ಲಕ್ಷ ಟನ್ನಿನಲ್ಲಿ ಐದನೆಯ ಒಂದು ಭಾಗಕ್ಕೆ ಈ ಪ್ರಮಾಣವನ್ನು ಅನ್ವಯಿಸಿದರೆ ಉಳಿಯುವ ಪೆಟ್ರೋಲು ಐವತ್ತು ಲಕ್ಷ ಟನ್ನಿನ ಆಸುಪಾಸು. ಎಂದರೆ ಒಟ್ಟು ತೈಲದ ಬಳಕೆಯಲ್ಲಿ ನೂರಕ್ಕೆ ಎರಡು. ಇದಕ್ಕಾಗಿ ನಾವು ತೆರುವುದು ನೀರನ್ನು. ಕಬ್ಬು ವರ್ಷವಿಡೀ ನೀರು ಬೇಡುವ ಬೆಳೆಯೆಂಬುದು ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ೨೦೨೩ರಲ್ಲಿ ಮಳೆ ಕೈಕೊಟ್ಟು ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ತೆಗೆಯುವುದಕ್ಕೆ ಕೇಂದ್ರ ಸರ್ಕಾರವೇ ತಡೆ ಹಾಕಿತು. ಮುಂದೆ ಮೆಕ್ಕೆಜೋಳದ ಕಡೆಗೆ ತಿರುಗಿದಾಗ, ಅಲ್ಲಿಯವರೆಗೆ ಅದನ್ನು ರಫ್ತು ಮಾಡುತ್ತಿದ್ದ ದೇಶ ೨೦೨೪ರಲ್ಲಿ ಆಮದು ಮಾಡತೊಡಗಿತು. ಕೋಳಿ ಸಾಕುವವರು ಮೇವಿನ ಬೆಲೆಗೆ ಬಾಯಿಬಿಟ್ಟರು. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ, ಬೆಳೆಯ ಉಳಿಕೆಯಿಂದ ದೊರೆಯುವ ಎಥನಾಲ್ ಸ್ವಾಗತಾರ್ಹ; ಅದಕ್ಕೆಂದೇ ಹೊಲವನ್ನೂ ಕಾಲುವೆಯನ್ನೂ ಮೀಸಲಿಡುವುದು ನಮಗೆ ಒಪ್ಪಿಗೆಯಾಗದು.

ತನ್ನದೇ ಆದ ಇಂಧನವು ತನ್ನದೆಂಬ ಕಾರಣದಿಂದಲೇ ಅಗ್ಗವಾಗಲಾರದು. ೧೯೨೩ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು, ಸಂಸ್ಥಾನದಲ್ಲಿ ಕಲ್ಲಿದ್ದಲಿಲ್ಲದುದರಿಂದ, ಮಲೆನಾಡಿನ ಮರವನ್ನು ಸುಟ್ಟು ಮಾಡಿದ ಇದ್ದಲಿನಿಂದಲೇ ಅದುರನ್ನು ಕರಗಿಸಿತು. ಹೊರಗಿನವರ ಹಂಗು ತಪ್ಪಿತು. ಆದರೆ ಕುಲುಮೆಯ ಹಸಿವಿಗೆ ಕಾಡು ಆಹುತಿಯಾಗುತ್ತ ಬಂದಿತು. ೧೯೫೨ರಲ್ಲಿ ಅಲ್ಲಿ ವಿದ್ಯುತ್ ಕುಲುಮೆಗಳನ್ನು ಸ್ಥಾಪಿಸಿದುದು ಇದೇ ಹೊರೆಯನ್ನು ಇಳಿಸಿಕೊಳ್ಳುವ ಒಂದು ಪ್ರಯತ್ನ. ಈಗ ತೋರಣಗಲ್ಲಿನಲ್ಲಿ ಬಳ್ಳಾರಿಯ ಅದುರು ಕರಗುವುದು ಹಡಗಿನಲ್ಲಿ ಬಂದ ಕೋಕಿಂಗ್ ಕಲ್ಲಿದ್ದಲಿನಿಂದ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು. ಕುಲುಮೆಗೆ ತಕ್ಕ ಜಾತಿಯದು ವಿರಳ. ಗುಜರಿಯ ಉಕ್ಕನ್ನು ವಿದ್ಯುತ್ತಿನಿಂದ ಕರಗಿಸುವ ವಿಧಾನವನ್ನು ಹೆಚ್ಚಿಸಬಹುದು. ಆದರೆ ಹೊಸದಾಗಿ ಕಟ್ಟುತ್ತಿರುವ ದೇಶದಲ್ಲಿ ಗುಜರಿಯೇ ಸಾಲದು. ಈ ಒಂದು ಆಮದು ಇನ್ನೂ ಬಹಳ ವರ್ಷ ನಮ್ಮನ್ನು ಬಿಡಲಾರದೆಂದೇ ತೋರುತ್ತದೆ.

ಅಡುಗೆಮನೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ೨೦೧೬ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಹತ್ತು ಕೋಟಿಗೂ ಹೆಚ್ಚು ಮನೆಗಳಿಗೆ ಅಡುಗೆ ಅನಿಲ ತಲುಪಿತು. ಹೊಗೆಯಿಂದ ಹೆಂಗಸರ ಕಣ್ಣೂ ಶ್ವಾಸಕೋಶವೂ ಉಳಿದುವು. ಆದರೆ ಆ ಅನಿಲದಲ್ಲಿ ಶೇಕಡ ೬೦ರಷ್ಟು ಹೊರಗಿನದು. ಅದರ ಬಹುಭಾಗ ಹೊರ್ಮುಜ್ ಜಲಸಂಧಿಯನ್ನು ದಾಟಿ ಬರತಕ್ಕದ್ದು. ಹೀಗೆ ದೂರದ ಹಳ್ಳಿಯ ಒಲೆಯೂ ಪರ್ಷಿಯ ಕೊಲ್ಲಿಯ ರಾಜಕೀಯಕ್ಕೆ ಕಟ್ಟುಬಿದ್ದಿದೆ. ಹಿಂದಿನ ಸೌದೆಗೆ ಮರಳಬೇಕೆಂದು ಹೇಳುವವರು, ತಲೆಯ ಮೇಲೆ ಹೊರೆ ಹೊತ್ತು ಮೈಲಿಗಟ್ಟಲೆ ನಡೆದವರಲ್ಲ. ಪಟ್ಟಣಗಳಲ್ಲಿ ವಿದ್ಯುತ್ ಒಲೆಯನ್ನು ಬಳಕೆಗೆ ತಂದು, ಉಳಿದ ಅನಿಲವನ್ನು ಹಳ್ಳಿಗಳಿಗೆ ಬಿಡುವುದು ನಮಗೆ ಉಚಿತವಾಗಿ ಕಾಣುತ್ತದೆ. ಸಗಣಿಯ ಅನಿಲದ ಪ್ರಯೋಗವೊಂದನ್ನು ರೆಡ್ಡಿಯವರ ತಂಡವೇ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ನಡೆಸಿತು. ೧೯೮೭ರಿಂದ ಅಲ್ಲಿ ಊರಿನ ದನಗಳ ಸಗಣಿಯಿಂದ ಎಂಜಿನ್ನು ನಡೆದು ಮನೆಮನೆಗೆ ದೀಪವೂ ಕೊಳಾಯಿಯ ನೀರೂ ಬಂದುವು. ಸಗಣಿ ತಂದವರಿಗೆ ಗೊಬ್ಬರ ಹಿಂದಿರುಗುತ್ತಿತ್ತು. ಕೆಲವು ವರ್ಷ ಚೆನ್ನಾಗಿ ನಡೆದು ಅದು ನಿಂತುಹೋಯಿತು. ಇಂಥ ಘಟಕಗಳಿಗೆ ಯಂತ್ರಕ್ಕಿಂತ ಮುಖ್ಯವಾಗಿ ಬೇಕಾದುದು, ಊರೊಟ್ಟಾಗಿ ಅದನ್ನು ನಡೆಸಿಕೊಂಡು ಹೋಗುವ ಏರ್ಪಾಡು.

ಈವರೆಗಿನ ಎಲ್ಲ ದಾರಿಗಳೂ ವಿದ್ಯುತ್ತಿನ ಕಡೆಗೆ ಹೋಗಿ ಸೇರುವುದನ್ನು ವಾಚಕರು ಗಮನಿಸಿರಬಹುದು. ರೈಲು, ಸ್ಕೂಟರು, ಒಲೆ, ಕುಲುಮೆ ಎಲ್ಲಕ್ಕೂ ಅದು ಬೇಕು. ೨೦೧೪ರಲ್ಲಿ ೩,೦೦೦ ಮೆಗಾವಾಟನ್ನೂ ಮುಟ್ಟದಿದ್ದ ಸೌರಸ್ಥಾವರಗಳ ಸಾಮರ್ಥ್ಯ ೨೦೨೫ರ ಆರಂಭದಲ್ಲಿ ೧,೦೦,೦೦೦ ಮೆಗಾವಾಟನ್ನು ಮೀರಿತು. ಅದೇ ವರ್ಷದ ಜೂನಿನಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು ತೈಲಗಳ ಹಂಗಿಲ್ಲದ್ದಾಯಿತು. ಈ ಮಾತನ್ನು ಎಚ್ಚರದಿಂದ ಓದಬೇಕು. ಸಾಮರ್ಥ್ಯ ಬೇರೆ, ಉತ್ಪತ್ತಿ ಬೇರೆ. ಉತ್ಪತ್ತಿಯಲ್ಲಿ ಸಿಂಹಪಾಲು ಇನ್ನೂ ಕಲ್ಲಿದ್ದಲಿನದೇ. ಸೂರ್ಯ ಮುಳುಗಿದ ಮೇಲೆ ಮನೆಗಳಲ್ಲಿ ದೀಪ ಹತ್ತುತ್ತದೆ. ಹಗಲಿನ ಶಕ್ತಿಯನ್ನು ಸಂಜೆಗೆ ಹೇಗೆ ಮುಟ್ಟಿಸುವುದು?

ಇದಕ್ಕೆ ಅತ್ಯಂತ ಅಗ್ಗವಾದ ಮಾರ್ಗವೆಂದರೆ, ಸಂಜೆಯ ಕೆಲಸವನ್ನೇ ಹಗಲಿಗೆ ತರುವುದು. ಕರ್ನಾಟಕದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಭಾಗ ನೀರಾವರಿ ಪಂಪ್‌ಸೆಟ್ಟುಗಳಿಗೆ ಹೋಗುತ್ತದೆ. ಬಹುಕಾಲ ರೈತನಿಗೆ ದೊರೆಯುತ್ತಿದ್ದುದು ಅರ್ಧರಾತ್ರಿಯ ಸರದಿ. ಬ್ಯಾಟರಿ ಹಿಡಿದು ಹಾವುಹುಪ್ಪಟೆಗಳ ನಡುವೆ ನೀರು ಕಟ್ಟಲು ಹೋಗುವ ಕಷ್ಟ ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಪಂಪುಗಳಿಗೆ ಸೌರಶಕ್ತಿಯನ್ನು ಹಗಲಿನಲ್ಲೇ ಒದಗಿಸಿದರೆ ಅದನ್ನು ಶೇಖರಿಸುವ ಪ್ರಶ್ನೆಯೇ ಅಷ್ಟರಮಟ್ಟಿಗೆ ಇಲ್ಲವಾಗುತ್ತದೆ. ರೈತನಿಗೆ ನಿದ್ರೆಯೂ ಉಳಿಯುತ್ತದೆ. ಎರಡನೆಯ ಮಾರ್ಗ, ಹಗಲು ನೀರನ್ನು ಮೇಲಕ್ಕೆತ್ತಿ ಸಂಜೆ ಕೆಳಗೆ ಬಿಡುವುದು. ಶರಾವತಿಯಲ್ಲಿ ಈಗಾಗಲೇ ಇರುವ ತಲಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ೨,೦೦೦ ಮೆಗಾವಾಟಿನ ಇಂಥ ಸ್ಥಾವರವೊಂದನ್ನು ಯೋಜಿಸಿದ್ದಾರೆ. ಹೊಸ ಅಣೆಕಟ್ಟು ಬೇಡ, ನಿಜ; ಆದರೆ ಸುರಂಗ ರಸ್ತೆಗಳಿಗಾಗಿ ಸಿಂಗಳೀಕಗಳ ಅಭಯಾರಣ್ಯದಲ್ಲಿ ಮರ ಕಡಿಯಬೇಕು. ಅರುವತ್ತರ ದಶಕದಲ್ಲಿ ಲಿಂಗನಮಕ್ಕಿಯ ನೀರಿಗೆ ಮನೆ ಬಿಟ್ಟುಕೊಟ್ಟವರ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ 'ಶರಾವತಿ ಸಂತ್ರಸ್ತರು' ಎಂಬ ಹೆಸರಿನಲ್ಲಿ ದಶಕಗಳ ಕಾಲ ಅಲೆದಿರುವಾಗ, ಅದೇ ಕಣಿವೆ ಮತ್ತೊಮ್ಮೆ ನಾಡಿಗಾಗಿ ತ್ಯಾಗಮಾಡಲೆಂದು ಹೇಳುವ ಮುನ್ನ ಹಳೆಯ ಬಾಕಿಯನ್ನು ತೀರಿಸುವುದು ನ್ಯಾಯ. ಪಂಪುಗಳ ಹೊತ್ತನ್ನು ಬದಲಿಸುವುದೇ ಮೊದಲಾದ ಸುಲಭದ ಕೆಲಸಗಳನ್ನು ಮುಗಿಸಿದ ಮೇಲೆ ಎಷ್ಟು ಉಳಿಯುವುದೆಂದು ಎಣಿಸಿ, ಆಮೇಲೆ ಘಟ್ಟಕ್ಕೆ ಕೈಹಾಕಬೇಕೆಂದು ನಮ್ಮ ಅಭಿಪ್ರಾಯ.

ಪಾವಗಡದಲ್ಲಿ ಅನುಸರಿಸಿದ ಕ್ರಮ ಇದಕ್ಕಿಂತ ಮೇಲಾದುದು. ಮಳೆಯಿಲ್ಲದೆ ಬೀಳುಬಿದ್ದಿದ್ದ ಐದು ಹಳ್ಳಿಗಳ ಸುಮಾರು ೧೩,೦೦೦ ಎಕರೆಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ ಆರಂಭಿಸಿ, ಕಾಲಕಾಲಕ್ಕೆ ಏರಿಸುವ ಷರತ್ತಿನ ಮೇಲೆ ೨,೦೫೦ ಮೆಗಾವಾಟಿನ ಸೌರಸ್ಥಾವರವನ್ನು ನಿಲ್ಲಿಸಿದರು. ಭೂಮಿ ರೈತನ ಹೆಸರಿನಲ್ಲಿಯೇ ಉಳಿಯಿತು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ, ನೆಲವಿಲ್ಲದ ಮನೆಗಳಿಗೆ ಗುತ್ತಿಗೆಯ ಹಣ ಬರಲಿಲ್ಲ, ಬೇಲಿ ಬಂದಿತು. ಲೆಕ್ಕದ ಪುಸ್ತಕದಲ್ಲಿ ಅವರಿಗೆ ಒಂದು ಸಾಲನ್ನು ತೆರೆಯುವುದು ಕಷ್ಟವಾಗಿರಲಿಲ್ಲ.

ತೆರಿಗೆಯ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ೨೦೨೦ರಲ್ಲಿ ತೈಲದ ಬೆಲೆ ಕುಸಿದಾಗ ಪೆಟ್ರೋಲಿನ ಮೇಲಣ ಕೇಂದ್ರದ ಸುಂಕವನ್ನು ಲೀಟರಿಗೆ ೩೨ ರೂಪಾಯಿ ೯೮ ಪೈಸೆಯವರೆಗೆ ಏರಿಸಿದರು. ೨೦೨೧ರ ನವೆಂಬರಿನಲ್ಲಿಯೂ ೨೦೨೨ರ ಮೇ ತಿಂಗಳಲ್ಲಿಯೂ ಇಳಿಸಿದರು. ರಾಜ್ಯಗಳ ಮಾರಾಟ ತೆರಿಗೆ ಇದಕ್ಕೆ ಹೊರತು. ಇಂಧನ ತೆರಿಗೆಯಿಂದ ಜನರು ಮಿತವ್ಯಯ ಕಲಿಯುವರೆಂಬುದು ನಿಜ. ಆದರೆ ಯಾವ ಸರಕಿನಿಂದ ಬೊಕ್ಕಸ ತುಂಬುವುದೋ ಆ ಸರಕಿನ ಬಳಕೆಯನ್ನು ತಗ್ಗಿಸಲು ಬೊಕ್ಕಸದ ಒಡೆಯರಿಗೆ ಮನಸ್ಸು ಬರುವುದು ಕಷ್ಟ. ಸ್ಕೂಟರುಗಳು ವಿದ್ಯುತ್ತಿಗೆ ತಿರುಗಿದಂತೆಲ್ಲ ಈ ಆದಾಯ ಕರಗುತ್ತದೆ. ಅದರ ಜಾಗದಲ್ಲಿ ಯಾವುದನ್ನು ಇಡಬೇಕೆಂಬ ಚಿಂತೆಯನ್ನು ರಾಜ್ಯದ ಆಯವ್ಯಯ ಪತ್ರಗಳಲ್ಲಿ ನಾವು ಹುಡುಕುತ್ತಿದ್ದೇವೆ.

ಕೊನೆಗೆ, ಎಷ್ಟೇ ತಗ್ಗಿಸಿದರೂ ತೈಲದ ಆಮದು ಪೂರ್ತಿ ನಿಲ್ಲದೆಂಬುದನ್ನು ತಿಳಿದು ದಾಸ್ತಾನು ಮಾಡಿಕೊಂಡಿರಬೇಕು. ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರುಗಳಲ್ಲಿ ಬಂಡೆಯನ್ನು ಕೊರೆದು ಮಾಡಿರುವ ನೆಲಮಾಳಿಗೆಗಳು ಒಟ್ಟು ೫೩ ಲಕ್ಷ ಟನ್ನು ಕಚ್ಚಾ ತೈಲವನ್ನು ಹಿಡಿಯುತ್ತವೆ. ಅದರಲ್ಲಿ ೨೫ ಲಕ್ಷ ಪಾದೂರಿನದು, ೧೫ ಲಕ್ಷ ಮಂಗಳೂರಿನದು. ೨೦೨೦ರ ಏಪ್ರಿಲ್-ಮೇ ತಿಂಗಳುಗಳಲ್ಲಿ ತೈಲವನ್ನು ಕೇಳುವವರಿಲ್ಲದಿದ್ದಾಗ ಪೀಪಾಯಿಗೆ ಸುಮಾರು ೧೯ ಡಾಲರಿನಂತೆ ಕೊಂಡು ಇವುಗಳನ್ನು ತುಂಬಿದುದರಿಂದ ಸುಮಾರು ೫,೦೦೦ ಕೋಟಿ ರೂಪಾಯಿ ಉಳಿಯಿತೆಂದು ಸರ್ಕಾರ ಲೆಕ್ಕ ಕೊಟ್ಟಿತು. ಈ ದಾಸ್ತಾನು ದೇಶದ ಅಗತ್ಯಕ್ಕೆ ಒಂಬತ್ತೂವರೆ ದಿನಗಳಿಗೆ ಸಾಕಾಗುವುದೆಂದು ಅಂದಾಜು ಮಾಡಿದ್ದರು. ಪಾದೂರಿನಲ್ಲಿ ಇನ್ನೂ ೨೫ ಲಕ್ಷ ಟನ್ನಿಗೆ ಸ್ಥಳಮಾಡಲು ೨೦೨೧ರಲ್ಲಿ ಒಪ್ಪಿಗೆ ದೊರೆಯಿತು. ಬಂಡೆಯನ್ನು ಕೊರೆಯುತ್ತ ಹೋದರೆ ಈ ದಿನಗಳು ಏರುತ್ತವೆ. ಲಾರಿಯ ಸರಕು ರೈಲಿಗೂ ಸ್ಕೂಟರಿನ ಓಟ ತಂತಿಗೂ ಬಂದರೆ, ಹೊಸ ಬಂಡೆಯನ್ನು ಕೊರೆಯದೆಯೂ ಅದೇ ನೆಲಮಾಳಿಗೆಯ ಅದೇ ತೈಲ ಇನ್ನಷ್ಟು ದಿನ ಬರುತ್ತದೆ.